ಗ್ಯಾರೇಜಿನಲ್ಲಿ ತರ್ಕಶಾಸ್ತ್ರ

ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮ್ಮನ್ನು ಕಂಡೊಡನೆ ಜನರು ಕೇಳುವ ಪ್ರಶ್ನೆ ಒಂದೇ: "ಬಿ.ಎ. ಕಲಿತು ಮುಂದೇನು ಮಾಡ್ತೀರಿ?" ಇದಕ್ಕೆ ನಮ್ಮ ಗುರುಗಳು ಕೊಡುವ ಉತ್ತರ ಬಹು ಗಂಭೀರವಾದುದು. ಕಲಾಶಿಕ್ಷಣವು ಮನುಷ್ಯನಿಗೆ ವಿಚಾರ ಮಾಡುವುದನ್ನು ಕಲಿಸುತ್ತದೆ, ಕಾರ್ಯವನ್ನು ಕಂಡು ಕಾರಣವನ್ನು ಗುರುತಿಸುವ ಶಕ್ತಿಯನ್ನು ಕೊಡುತ್ತದೆ ಎಂದು ಅವರು ಹೇಳುತ್ತಾರೆ. ಈ ಉತ್ತರವನ್ನು ನಾನು ಒಪ್ಪುತ್ತೇನೆ. ಆದರೆ ಆ ಶಕ್ತಿ ನಮಗೆ ನಿಜವಾಗಿಯೂ ಬಂದಿದೆಯೋ ಇಲ್ಲವೋ ಎಂಬುದನ್ನು ಒರೆಗೆ ಹಚ್ಚುವ ಸ್ಥಳ ಯಾವುದು? ಪರೀಕ್ಷೆಯ ಕೋಣೆಯಲ್ಲಿ ಒರೆಗೆ ಬೀಳುವುದು ಬಹುತರವಾಗಿ ನಮ್ಮ ನೆನಪಿನ ಶಕ್ತಿ. ವಿಚಾರಶಕ್ತಿಯನ್ನು ಒರೆಗೆ ಹಚ್ಚಲು ತಕ್ಕ ಸ್ಥಳವೊಂದು ನಮ್ಮೂರು ತುಳಸಿಗೇರಿಯ ರಸ್ತೆಯ ಬದಿಯಲ್ಲಿಯೇ ಇದೆ ಎಂದು ನಾನು ಹೇಳಿದರೆ ಓದುಗರು ನಗಬಾರದು. ಅದು ಮೋಟಾರು ದುರಸ್ತಿಯ ಗ್ಯಾರೇಜು. ಅಲ್ಲಿಗೆ ಬರುವ ರೋಗಗಳಲ್ಲೆಲ್ಲ ಅತ್ಯಂತ ಕಠಿಣವಾದ ಒಂದನ್ನು, ಅಂದರೆ ಎಂಜಿನ್ನಿನ ಬಲ ಒಮ್ಮೊಮ್ಮೆ ಮಾತ್ರ ಉಡುಗಿಹೋಗುವ ರೋಗವನ್ನು ಹಿಡಿದುಕೊಂಡು ನನ್ನ ಅಭಿಪ್ರಾಯವನ್ನು ಇಲ್ಲಿ ವಿವರಿಸಬಯಸುತ್ತೇನೆ.

ತುಳಸಿಗೇರಿಯೆಂದರೆ ಬಾಗಲಕೋಟೆ ಸೀಮೆಯವರಿಗೆ ಹನುಮಪ್ಪನ ಊರು. ದೇವರ ದರ್ಶನಕ್ಕೆ ಬರುವ ಭಕ್ತರು, ಕಲಾದಗಿಯ ಕಡೆಯಿಂದ ಹಣ್ಣು ಹೇರಿಕೊಂಡು ಬರುವ ಗಾಡಿಗಳು, ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಕಟ್ಟಿಕೊಂಡು ನಿಧಾನವಾಗಿ ಸಾಗುವ ಟ್ರ್ಯಾಕ್ಟರುಗಳು, ಎಲ್ಲವೂ ಇದೇ ದಾರಿಯನ್ನು ಹಂಚಿಕೊಳ್ಳಬೇಕು. ಇಂಥ ರಸ್ತೆಯಲ್ಲಿ ವೇಗದ ಕಾರಿನವನೊಬ್ಬನು ಕಬ್ಬಿನ ಗಾಡಿಗೆ ಸೈಡು ಹೊಡೆಯಲು ಹೊರಟಿದ್ದಾನೆನ್ನಿ. ಎದುರಿಗೆ ದೂರದಲ್ಲಿ ಲಾರಿಯೊಂದು ಕಾಣುತ್ತದೆ. ತನ್ನ ಎಂಜಿನ್ನಿನ ಬಲದ ಮೇಲಿನ ಭರವಸೆಯಿಂದಲೇ ಆತ ಬಲಕ್ಕೆ ಸರಿದಿದ್ದಾನೆ. ಸರಿಯಾಗಿ ಆ ಕ್ಷಣಕ್ಕೆ ಬಲ ಉಡುಗಿದರೆ ಗತಿಯೇನು? ಪೂರ್ತಿ ಕೆಟ್ಟು ನಿಂತ ಗಾಡಿಯಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಅದು ಮನೆಯ ಮುಂದೆಯೇ ಬಿದ್ದಿರುತ್ತದೆ. ಹತ್ತು ಸಲ ಸರಿಯಾಗಿ ಓಡಿ ಹನ್ನೊಂದನೆಯ ಸಲ ಕೈಕೊಡುವ ಗಾಡಿಯೇ ಅಪಾಯಕರವಾದುದು. ಆದುದರಿಂದ ಇದು ಶ್ರೀಮಂತರ ಮಕ್ಕಳ ಮೋಜಿನ ವಿಷಯವೆಂದು ತಳ್ಳಿಹಾಕುವುದು ಸರಿಯಲ್ಲ. ಆ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಕುಳಿತವನ ಜೀವವೂ, ಎದುರಿನ ಲಾರಿಯವನ ಜೀವವೂ ಇದಕ್ಕೆ ತಗಲಿಕೊಂಡಿವೆ.

ನಮ್ಮ ಆಯುರ್ವೇದದಲ್ಲಿ ವಿಷಮಜ್ವರವೆಂಬ ಹೆಸರುಂಟು. ಬಂದು ಹೋಗಿ ಮತ್ತೆ ಬರುವ ಜ್ವರವದು. ರೋಗಿ ವೈದ್ಯನ ಮುಂದೆ ಕುಳಿತಾಗ ಮೈ ತಣ್ಣಗಿರುತ್ತದೆ. ಮನೆಗೆ ಮರಳಿದ ಮೇಲೆ ಚಳಿ ಹುಟ್ಟುತ್ತದೆ. ಮಲೇರಿಯಾದ ಒಂದು ಬಗೆಯಲ್ಲಿ ಜ್ವರವು ಸುಮಾರು 48 ತಾಸಿಗೊಮ್ಮೆ ಏರುತ್ತದೆ. ಅಲ್ಲಿ ಜ್ವರ ಎಷ್ಟು ಡಿಗ್ರಿ ಎಂಬುದಕ್ಕಿಂತ ಯಾವ ವೇಳೆಗೆ ಬರುತ್ತದೆ ಎಂಬುದೇ ಒಳ್ಳೆಯ ವೈದ್ಯನಿಗೆ ಹೆಚ್ಚಿನ ಸುಳಿವನ್ನು ಕೊಡುತ್ತದೆ. ಎಂಜಿನ್ನಿನ ವಿಷಮಜ್ವರದ ಮಾತೂ ಹೀಗೆಯೇ. ಗ್ಯಾರೇಜಿನಲ್ಲಿ ನಿಲ್ಲಿಸಿ ಚಾಲೂ ಮಾಡಿದರೆ ಅದು ಆರೋಗ್ಯವಂತನಂತೆ ಗುರುಗುಡುತ್ತದೆ. ಯಂತ್ರವನ್ನು ಹೊರಗಿನಿಂದ ನೋಡಿ ಏನೂ ತಿಳಿಯುವಂತಿಲ್ಲ. ತಿಳಿಯಬೇಕಾದುದು ಸಂದರ್ಭ.

ಮುಂದಿನ ಮಾತು ಸ್ಪಷ್ಟವಾಗಬೇಕಾದರೆ ಎಂಜಿನ್ನಿನ ಅಗತ್ಯಗಳನ್ನು ಸಂಕ್ಷೇಪವಾಗಿ ಹೇಳಬೇಕು. ಪೆಟ್ರೋಲ್ ಎಂಜಿನ್ನಿಗೆ ಬೇಕಾದವು ಗಾಳಿ, ಇಂಧನ, ತಕ್ಕ ವೇಳೆಗೆ ಹೊತ್ತುವ ಕಿಡಿ, ಒಳಗಿನ ಒತ್ತಡ ಸೋರದ ಸಿಲಿಂಡರು ಹಾಗೂ ಸುಟ್ಟ ಹೊಗೆ ಹೊರಗೆ ಹೋಗಲು ದಾರಿ. ಈ ಐದರಲ್ಲಿ ಒಂದು ಕಡಿಮೆಯಾದರೂ ಬಲ ಕುಗ್ಗುತ್ತದೆ. ಹೆಚ್ಚಿನ ಬಲದ ಕಾರುಗಳಲ್ಲಿ ಸಾಮಾನ್ಯವಾಗಿ ಇರುವ ಟರ್ಬೋ ಎಂಬ ಸಾಧನವು ಗಾಳಿಯನ್ನು ಬಲವಂತವಾಗಿ ಒಳಗೆ ತುರುಕುತ್ತದೆ. ಹೊರಹೋಗುವ ಹೊಗೆಯ ರಭಸವೇ ಅದರ ಚಕ್ರವನ್ನು ನಿಮಿಷಕ್ಕೆ 1 ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗಿಸುತ್ತದೆ. ಒತ್ತಿದ ಗಾಳಿ ಕಾಯುವುದರಿಂದ ಅದನ್ನು ಇಂಟರ್‌ಕೂಲರ್ ಎಂಬ ಜಾಲರಿಯಲ್ಲಿ ಹಾಯಿಸಿ ತಣಿಸಿ ಎಂಜಿನ್ನಿಗೆ ಬಿಡುತ್ತಾರೆ. ಸಣ್ಣ ಎಂಜಿನ್ನಿನಿಂದ ದೊಡ್ಡ ಬಲವನ್ನು ಪಡೆಯುವ ಗುಟ್ಟು ಇದೇ. ಆದರೆ ಕಟ್ಟು ಹೆಚ್ಚಾದಷ್ಟೂ ಸೋರುವ ಜಾಗಗಳೂ ಹೆಚ್ಚು. ಇವೆಲ್ಲವನ್ನೂ ಕಾವಲು ಕಾಯುವ ಕಂಪ್ಯೂಟರೊಂದು ಒಳಗಿರುತ್ತದೆ. ತಾನು ಕೇಳಿದಷ್ಟು ಒತ್ತಡ ಬರಲಿಲ್ಲವೆಂದು ಅದಕ್ಕೆ ಕಂಡರೆ ಎಂಜಿನ್ನನ್ನು ಕಾಪಾಡುವ ಸಲುವಾಗಿ ಬಲವನ್ನು ತಾನೇ ತಗ್ಗಿಸಿಬಿಡುತ್ತದೆ. ಮಿಸ್ತ್ರಿಗಳು ಇದನ್ನು ಲಿಂಪ್ ಮೋಡ್ ಅನ್ನುತ್ತಾರೆ; ಗಾಡಿ ಕುಂಟುತ್ತ ಮನೆ ಮುಟ್ಟಲಿ ಎಂಬುದು ಅದರ ಉದ್ದೇಶ. ಕೀಲಿ ತಿರುಗಿಸಿ ಬಂದು ಮಾಡಿ ಮತ್ತೆ ಚಾಲೂ ಮಾಡಿದರೆ ಎಷ್ಟೋ ಸಲ ಎಲ್ಲವೂ ಮೊದಲಿನಂತಾಗುತ್ತದೆ.

ಇನ್ನು ಉದಾಹರಣೆಗೆ ಬರೋಣ. ನಮ್ಮ ಕಾಕಾ ತುಳಸಿಗೇರಿಯಲ್ಲಿ ಗ್ಯಾರೇಜು ಇಟ್ಟಿದ್ದಾರೆ. ಅವರು ಏಳನೆಯ ಇಯತ್ತೆಯ ಮುಂದೆ ಕಲಿತವರಲ್ಲ. ಮೈಸೂರಿನಲ್ಲಿ 1996ರ ವರೆಗೆ ತಯಾರಾಗುತ್ತಿದ್ದ ಯೆಜ್ಡಿ ಮೋಟಾರು ಸೈಕಲ್ಲುಗಳ ಮೇಲೆ ಕೈ ಪಳಗಿಸಿಕೊಂಡು, ಅಲ್ಲಿಂದ ಟ್ರ್ಯಾಕ್ಟರಿಗೆ, ಟ್ರ್ಯಾಕ್ಟರಿನಿಂದ ಕಾರಿಗೆ ಬಂದವರು. ಕಳೆದ ಬೇಸಿಗೆಯ ರಜೆಯಲ್ಲಿ ಬಾಗಲಕೋಟೆಯ ತರುಣನೊಬ್ಬನು ಟರ್ಬೋ ಎಂಜಿನ್ನಿನ ಹಳೆಯ ಕಾರೊಂದನ್ನು ಅವರ ಬಳಿಗೆ ತಂದನು. "ಮಿಸ್ತ್ರೀ, ಗಾಡಿ ಒಮ್ಮೊಮ್ಮೆ ಜಗ್ಗೂದ ಇಲ್ರೀ. ಆಮ್ಯಾಲ ತಾನ ಸರಿ ಆಕ್ಕೈತಿ" ಎಂಬುದು ಅವನ ದೂರು. ಅದಕ್ಕೆ ಮುನ್ನ ಬೇರೊಂದು ಕಡೆ ಪ್ಲಗ್ಗು, ಕಾಯಿಲು, ಪೆಟ್ರೋಲ್ ಪಂಪು, ಒಂದು ಸೆನ್ಸರು, ಹೀಗೆ ಒಂದಾದ ಮೇಲೊಂದು ಬದಲಾಗಿದ್ದವು. ಖರ್ಚು 40,000 ರೂಪಾಯಿಯನ್ನು ದಾಟಿತ್ತು. ಇನ್ನು ಟರ್ಬೋವನ್ನೇ ಬದಲಿಸಬೇಕೆಂಬ ಸಲಹೆಯೂ ದೊರೆತಿತ್ತು. ಆತ ಸಾಲ ಮಾಡಿ ಗಾಡಿ ಕೊಂಡವನು.

ಕಾಕಾ ಬಾನೆಟ್ಟನ್ನು ತೆರೆಯಲಿಲ್ಲ. "ಏನಾತು ಅನ್ನೂದು ಆಮ್ಯಾಲ ಹೇಳು ತಮ್ಮಾ, ಮೊದಲ ಯಾವಾಗ ಅನ್ನೂದು ಹೇಳು" ಎಂದು ಅವನನ್ನು ಕೂಡಿಸಿಕೊಂಡು ಪ್ರಶ್ನೆ ಕೇಳತೊಡಗಿದರು. ಎಂಜಿನ್ ತಣ್ಣಗಿದ್ದಾಗಲೋ ಕಾದಾಗಲೋ? ಸಪಾಟು ರಸ್ತೆಯಲ್ಲೋ ಏರಿನಲ್ಲೋ? ಯಾವ ಗೇರಿನಲ್ಲಿ? ಟ್ಯಾಂಕು ತುಂಬಿದಾಗಲೋ ತಳ ಮುಟ್ಟಿದಾಗಲೋ? ತಗ್ಗು ದಿನ್ನೆಗಳಲ್ಲಿ ಹಾರಿದಾಗಲೋ? ಮಳೆಯಲ್ಲೋ? ಬಲ ಹೋಗುವಾಗ ಗಾಡಿ ಜರ್ಕು ಹೊಡೆಯುತ್ತದೆಯೋ, ಇಲ್ಲವೆ ಮೆತ್ತಗೆ ಸೋತುಹೋಗುತ್ತದೆಯೋ? ಸಪ್ಪಳವೇನಾದರೂ ಬರುತ್ತದೆಯೋ? ಆ ಉತ್ತರಗಳನ್ನೆಲ್ಲ ಒಂದು ವಹಿಯಲ್ಲಿ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತು.

ಈ ಪ್ರಶ್ನೆಗಳು ಬರಿಯ ಹರಟೆಯಲ್ಲ. ಒಂದೊಂದರ ಹಿಂದೆಯೂ ಒಂದೊಂದು ಕಾರಣ ಅಡಗಿದೆ. ಎಂಜಿನ್ ಕಾದ ಮೇಲೆ ಮಾತ್ರ ಬಲ ಹೋದರೆ ಕಾವಿಗೆ ಸೋಲುವ ಇಗ್ನಿಷನ್ ಕಾಯಿಲಿನ ಮೇಲೋ ಸೆನ್ಸರಿನ ಮೇಲೋ ಸಂಶಯ. ಹಿಂದಿನ ಅಂಬಾಸಿಡರ್ ಕಾಲದ ಗಾಡಿಗಳಲ್ಲಾದರೆ ಬೇಸಿಗೆಯಲ್ಲಿ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಹರಿವು ಕಟ್ಟುತ್ತಿತ್ತು. ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ತಗ್ಗು ದಿನ್ನೆಗಳಲ್ಲಿ ಮಾತ್ರ ಕೈಕೊಟ್ಟರೆ ಸಡಿಲಾದ ವೈರು. ಅರ್ಧ ತಾಸು ಓಡಿದ ಮೇಲೆ ಸೋತು, ಟ್ಯಾಂಕಿನ ಮುಚ್ಚಳ ತೆಗೆದೊಡನೆ ಗಾಳಿ ಎಳೆದುಕೊಂಡು ಮತ್ತೆ ಸರಿಯಾದರೆ, ಟ್ಯಾಂಕಿಗೆ ಗಾಳಿಯಾಡುವ ರಂಧ್ರ ಕಟ್ಟಿದೆಯೆಂದೇ ಅರ್ಥ. ಹೊಲದ ಟ್ರ್ಯಾಕ್ಟರುಗಳಲ್ಲಿ ಈ ರೋಗ ಉಂಟು. ಭಾರ ಬಿದ್ದಾಗ ಮಾತ್ರ ಜರ್ಕು ಹೊಡೆದರೆ ಕಿಡಿಯ ದೋಷ. ಏಕೆಂದರೆ ಸಿಲಿಂಡರಿನೊಳಗೆ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚಿನ ವೋಲ್ಟೇಜು ಬೇಕು. ಜರ್ಕು ಇಲ್ಲದೆ ಉಸಿರು ಕಟ್ಟಿದಂತೆ ಸೋತರೆ ಗಾಳಿಯದೋ ಇಂಧನದ್ದೋ ಕೊರತೆ. ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವಾಗಿ ಬಲ ಕುಗ್ಗುವುದು ಬೇರೆಯ ಮಾತು. ಯೆಜ್ಡಿಯ ಸೈಲೆನ್ಸರಿನಲ್ಲಿ ಮಸಿ ಕಟ್ಟುವಂತೆ, ಎರೆಮಣ್ಣಿನ ಧೂಳಿಗೆ ಏರ್ ಫಿಲ್ಟರು ಕಟ್ಟುವಂತೆ. ಇನ್ನು ಬೇಸಿಗೆಯ ಮಧ್ಯಾಹ್ನದಲ್ಲಿ ಟರ್ಬೋ ಕಾರಿನ ಬಲ ತುಸು ಕುಗ್ಗುವುದು ರೋಗವೇ ಅಲ್ಲ. ಕಾದ ಗಾಳಿ ತೆಳುವಾದುದು. ಎಂಜಿನ್ ಬಡಿದುಕೊಳ್ಳಬಾರದೆಂದು ಕಂಪ್ಯೂಟರು ಕಿಡಿಯನ್ನು ತಡಮಾಡುತ್ತದೆ.

ತರುಣನ ಉತ್ತರಗಳಿಂದ ತಿಳಿದುಬಂದುದಿಷ್ಟು: ಮುಂಜಾನೆ ಈ ದೋಷವಿಲ್ಲ, ಮಧ್ಯಾಹ್ನ ಉಂಟು, ಸಾವಕಾಶ ಹೋದರೆ ಇಲ್ಲ, ಮೂರನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಉಂಟು, ಜರ್ಕು ಇಲ್ಲ, ಮೊದಲು 'ಸುಯ್' ಎಂಬ ಸಪ್ಪಳ, ಬಳಿಕ ಬಲ ಮಾಯ. ಆ ಸಪ್ಪಳದ ಸಂಗತಿಯನ್ನು ಆತ ಹಿಂದೆ ಯಾರಿಗೂ ಹೇಳಿರಲಿಲ್ಲ. ಯಾಕೆಂದು ನಾನು ವಿಚಾರಿಸಿದಾಗ "ಯಾರೂ ಕೇಳಲಿಲ್ರೀ" ಎಂದನು. 40,000 ರೂಪಾಯಿಯ ಸಾಮಾನು ಮಾಡದ ಕೆಲಸವನ್ನು ಈ ಒಂದು ಪ್ರಶ್ನೆ ಮಾಡಿತೆಂಬುದನ್ನು ಓದುಗರು ಗಮನಿಸಬೇಕು.

ತರುವಾಯ ಸ್ಕ್ಯಾನರಿನ ಸರದಿ. 2010ರಿಂದೀಚೆಗೆ ನಮ್ಮ ದೇಶದ ಹೊಸ ಕಾರುಗಳಲ್ಲಿ ತಮ್ಮ ದೋಷವನ್ನು ತಾವೇ ದಾಖಲಿಸಿಕೊಳ್ಳುವ ವ್ಯವಸ್ಥೆ ಹಂತಹಂತವಾಗಿ ಕಡ್ಡಾಯವಾಗಿದೆ. ಸ್ಕ್ಯಾನರು ಜೋಡಿಸಿದಾಗ ಪಿ0299 ಎಂಬ ಸಂಕೇತ ಕಂಡಿತು. ಟರ್ಬೋದ ಒತ್ತಡ ಇರಬೇಕಾದುದಕ್ಕಿಂತ ಕಡಿಮೆ ಎಂಬುದು ಅದರ ಅರ್ಥ. ಟರ್ಬೋ ಬದಲಿಸಬೇಕೆಂಬ ಹಿಂದಿನ ಸಲಹೆ ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಆದರೆ 'ಒತ್ತಡ ಕಡಿಮೆ' ಎಂಬ ವಾಕ್ಯಕ್ಕೂ 'ಟರ್ಬೋ ಕೆಟ್ಟಿದೆ' ಎಂಬ ವಾಕ್ಯಕ್ಕೂ ಎಷ್ಟು ಅಂತರವಿದೆ! ಕೊಡದಲ್ಲಿ ನೀರಿಲ್ಲವೆಂದ ಮಾತ್ರಕ್ಕೆ ಬಾವಿ ಬತ್ತಿದೆಯೆಂದು ಹೇಳಬಹುದೇ? ಕೊಡ ಸೋರುತ್ತಿರಬಹುದು, ಹಗ್ಗ ಹರಿದಿರಬಹುದು. ಯಂತ್ರವು ಕೊಡುವ ಸಂಕೇತವು ಸಾಕ್ಷಿಯ ಹೇಳಿಕೆ. ತೀರ್ಪು ಕೊಡುವುದು ಮನುಷ್ಯನ ಕೆಲಸ. ಸಾಕ್ಷಿಯ ಬಾಯಿಯಿಂದಲೇ ತೀರ್ಪು ಬರೆಸುವ ನ್ಯಾಯಾಲಯದಲ್ಲಿ ನಿರಪರಾಧಿಗಳಿಗೆ ಶಿಕ್ಷೆಯಾಗುತ್ತದೆ. ಆ ಕಾರಿನ ಪ್ಲಗ್ಗು, ಕಾಯಿಲು, ಪಂಪುಗಳು ಹೀಗೆ ಶಿಕ್ಷೆ ಅನುಭವಿಸಿದ ನಿರಪರಾಧಿಗಳೇ.

ಅಂದು ಮಧ್ಯಾಹ್ನ ತರುಣನು ಗಾಡಿ ನಡೆಸಿದನು. ಕಾಕಾ ಪಕ್ಕದಲ್ಲಿ ಕುಳಿತು ಸ್ಕ್ಯಾನರಿನ ಅಂಕಿಗಳನ್ನು ಓದಿದರು. ಹಿಂದಿನ ಸೀಟಿನಲ್ಲಿ ನಾನು ಬರೆದುಕೊಂಡೆ. ಕಂಪ್ಯೂಟರು ಬೇಡಿದ ಗಾಳಿಯ ಒತ್ತಡ, ನಿಜವಾಗಿ ಸಿಕ್ಕ ಒತ್ತಡ, ಪೆಟ್ರೋಲಿನ ಒತ್ತಡ, ಇವು ಮೂರು ಸಾಲುಗಳು. ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರು ಒತ್ತಿದಾಗ ಬೇಡಿದ ಒತ್ತಡ ಏರಿತು. ಸಿಕ್ಕ ಒತ್ತಡ ಅದರ ಜೊತೆಗೆ ಅರ್ಧ ದಾರಿ ಏರಿ, ಆ ಸಪ್ಪಳದೊಡನೆ ಕುಸಿಯಿತು. ಪೆಟ್ರೋಲಿನ ಒತ್ತಡ ಕದಲಲಿಲ್ಲ. ಇಷ್ಟರಿಂದ ಪೆಟ್ರೋಲು ದೋಷಮುಕ್ತವಾಯಿತು. ಟರ್ಬೋ ಅರ್ಧ ದಾರಿಯ ವರೆಗೆ ಸರಿಯಾಗಿ ಒತ್ತುತ್ತಿದೆಯೆಂದ ಮೇಲೆ ಅದರ ಮೇಲಿನ ಸಂಶಯವೂ ಕಡಿಮೆಯಾಯಿತು. ಉಳಿದದ್ದು ಟರ್ಬೋದಿಂದ ಎಂಜಿನ್ನಿನ ವರೆಗಿನ ಗಾಳಿಯ ದಾರಿ.

ಸೈಕಲ್ಲಿನ ಪಂಕ್ಚರು ತೆಗೆಯುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಕಾಕಾ ಮಾಡಿದ್ದೂ ಅದನ್ನೇ. ಗಾಳಿಯ ದಾರಿಯ ಒಂದು ತುದಿಯನ್ನು ಮುಚ್ಚಿ, ಟೈರಿನ ಒತ್ತಡದ ಅರ್ಧಕ್ಕಿಂತ ಕಡಿಮೆ ಗಾಳಿ ತುಂಬಿ, ಕೊಳವೆಗಳ ಮೇಲೆ ಸಾಬೂನಿನ ನೀರು ಸವರಿದರು. ಮೊದಲು ಒಂದು ಗುಳ್ಳೆಯೂ ಏಳಲಿಲ್ಲ. ಎಂಜಿನ್ನು ಭಾರ ಎಳೆಯುವಾಗ ಹಿಂದಕ್ಕೆ ವಾಲುವಂತೆ ಅದನ್ನು ಸನ್ನೆಯಿಂದ ತುಸು ವಾಲಿಸಿದಾಗ, ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಕೊಳವೆಯ ಅಡಿಯಿಂದ ಗುಳ್ಳೆಗಳು ಉಕ್ಕಿದವು. ಕಣ್ಣಿಗೆ ಕಾಣದ ಕಡೆಯಲ್ಲಿ ಒಂದು ಸೀಳು. ತಣ್ಣಗಿದ್ದಾಗ ಅದು ಮುಚ್ಚಿಕೊಂಡಿರುತ್ತದೆ. ಕಾದು ಮೆತ್ತಗಾಗಿ, ಒಳಗಿನ ಒತ್ತಡವೂ ಎಂಜಿನ್ನಿನ ಎಳೆತವೂ ಒಟ್ಟುಗೂಡಿದಾಗ ಬಾಯಿ ತೆರೆಯುತ್ತದೆ. ನಿಂತಲ್ಲಿಯೇ ಎಂಜಿನ್ನನ್ನು ರೊಯ್ಯನೆ ಓಡಿಸಿದರೆ ದೋಷ ಕಾಣದಿರುವುದಕ್ಕೂ ಇದೇ ಕಾರಣ. ಭಾರವಿಲ್ಲದ ಎಂಜಿನ್ನಿನಲ್ಲಿ ಟರ್ಬೋ ಒತ್ತಡವನ್ನೇ ಕಟ್ಟುವುದಿಲ್ಲ.

ಹೊಸ ಕೊಳವೆ ಹಾಕಿದರು; ದೋಷ ಹೋಯಿತು. ಇಲ್ಲಿಗೆ ಯಾರಾದರೂ ಕೈ ತೊಳೆದುಕೊಳ್ಳುತ್ತಿದ್ದರು. ಕಾಕಾ ಮಾತ್ರ ಹಳೆಯ ಕೊಳವೆಯನ್ನು ಮತ್ತೆ ಹಾಕಿಸಿ ಗಾಡಿ ಓಡಿಸಿ ನೋಡಿದರು. ದೋಷ ಮರಳಿ ಬಂದಿತು. ಹೊಸದನ್ನು ಹಾಕಿದರು, ಮತ್ತೆ ಹೋಯಿತು. "ಒಮ್ಮೊಮ್ಮೆ ಬರೂ ಬ್ಯಾನಿ ತಾನಾಗೇ ಹೋಗಿರಬಹುದು. ನಾವ ಕಳಿಸೀವಿ ಅನ್ನೂದಕ್ಕ ಪುರಾವೆ ಬೇಕಲ್ಲ?" ಎಂದು ಅವರು ನನಗೆ ಹೇಳಿದರು.

ನ್ಯಾಯಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕವೆಂಬುದು ಇದೇ ಅಲ್ಲವೇ? ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು. ಎರಡೂ ಸಿದ್ಧವಾದಾಗಲೇ ಕಾರಣವು ಕಾರಣವೆನಿಸುತ್ತದೆ. ಜಾನ್ ಸ್ಟೂಅರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತರ್ಕಶಾಸ್ತ್ರದ ಗ್ರಂಥದಲ್ಲಿ ಐದು ವಿಧಾನಗಳನ್ನು ವಿವರಿಸಿದ್ದಾನೆ. ಅವುಗಳಲ್ಲಿ ಎರಡು ಸಂದರ್ಭಗಳ ನಡುವೆ ಒಂದೇ ಒಂದು ಅಂಶವನ್ನು ಬದಲಿಸಿ ನೋಡುವ ವಿಧಾನ, ಒಂದರ ಏರಿಳಿತದೊಡನೆ ಇನ್ನೊಂದು ಏರಿಳಿಯುವುದನ್ನು ಗಮನಿಸುವ ವಿಧಾನ, ಇವೆರಡೂ ಈ ಗ್ಯಾರೇಜಿನಲ್ಲಿ ನಡೆದವು. ಒಂದೇ ಸಲಕ್ಕೆ ನಾಲ್ಕು ಭಾಗಗಳನ್ನು ಬದಲಿಸಿದ್ದರೆ, ಗಾಡಿ ಸರಿಯಾದರೂ ಯಾವುದರಿಂದ ಸರಿಯಾಯಿತೆಂಬ ಜ್ಞಾನ ಯಾರಿಗೂ ಆಗುತ್ತಿರಲಿಲ್ಲ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಪ್ರಾಚೀನ ಉದಾಹರಣೆಯನ್ನು ನಾವು ಬಾಯಿಪಾಠ ಮಾಡುತ್ತೇವೆ. ಮಿಸ್ತ್ರಿಯಾದರೋ ಹೊಗೆಯ ಬಣ್ಣವನ್ನೂ ಕೇಳುತ್ತಾನೆ: ಕಪ್ಪಾದರೆ ಪೆಟ್ರೋಲು ಹೆಚ್ಚು, ನೀಲಿಯಾದರೆ ಆಯಿಲು ಸುಡುತ್ತಿದೆ, ಬಿಳಿಯ ಹೊಗೆ ನಿಲ್ಲದೆ ಬಂದರೆ ಒಳಗೆ ನೀರು ಸೇರುತ್ತಿದೆ. 1951ರಲ್ಲಿ ಸ್ಥಾಪಿತವಾಗಿ, 2008ರಿಂದ ಬಾಷ್ ಎಂಬ ಹೆಸರು ಪಡೆದ ಬೆಂಗಳೂರಿನ ಮೈಕೋ ಕಂಪನಿಯ ಪ್ಲಗ್ಗುಗಳನ್ನು ಬಿಚ್ಚಿ, ತುದಿಯ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳುತ್ತಿದ್ದ ಹಳೆಯ ಮಿಸ್ತ್ರಿಗಳ ತಲೆಮಾರು ನಮ್ಮ ನಾಡಿನಲ್ಲಿ ದೊಡ್ಡದು. ಅವರು ತಾರ್ಕಿಕರೆಂದು ಅವರಿಗೂ ತಿಳಿದಿರಲಿಲ್ಲ, ನಮಗೂ ತಿಳಿಯಲಿಲ್ಲ.

ಇದು ಹಳ್ಳಿಯ ಗ್ಯಾರೇಜಿನ ಸಣ್ಣ ಕಥೆಯೆಂದು ಯಾರೂ ಭಾವಿಸದಿರಲಿ. ಜಗತ್ತಿನ ದೊಡ್ಡ ಎಂಜಿನ್ನುಗಳಲ್ಲಿಯೂ ಇದೇ ರೋಗ, ಇದೇ ಚಿಕಿತ್ಸೆ. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಯುದ್ಧ ನಡೆದಾಗ ಅವರ ಸ್ಪಿಟ್‌ಫಯರ್, ಹರಿಕೇನ್ ವಿಮಾನಗಳ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ನು, ವೈಮಾನಿಕನು ಮೂತಿಯನ್ನು ತಟ್ಟನೆ ಕೆಳಗೆ ಮಾಡಿದೊಡನೆ ಬಲ ಕಳೆದುಕೊಳ್ಳುತ್ತಿತ್ತು. ನೆಲದ ಮೇಲೆ ನಿಲ್ಲಿಸಿ ಓಡಿಸಿದರೆ ಅದು ನಿರ್ದೋಷಿ. ಕಾರ್ಬ್ಯುರೇಟರಿನೊಳಗಿನ ಪೆಟ್ರೋಲು ಆ ಭಂಗಿಯಲ್ಲಿ ಮೇಲಕ್ಕೆ ಚಿಮ್ಮಿ ಮೊದಲು ಎಂಜಿನ್ನು ಹಸಿಯುತ್ತಿತ್ತು, ಮರುಕ್ಷಣ ಪೆಟ್ರೋಲು ಅತಿಯಾಗಿ ಉಸಿರು ಕಟ್ಟುತ್ತಿತ್ತು. ಫಾರ್ನ್‌ಬರೋದ ಸಂಶೋಧನಾಲಯದಲ್ಲಿದ್ದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳೆ ಇದಕ್ಕೆ ಕಂಡುಹಿಡಿದ ಉಪಾಯ, ಪೆಟ್ರೋಲಿನ ದಾರಿಯಲ್ಲಿ ನಡುವೆ ರಂಧ್ರವಿರುವ ಒಂದು ಚಿಕ್ಕ ಲೋಹದ ತಡೆ. 1941ರ ಆರಂಭದಿಂದ ಅದನ್ನು ವಿಮಾನಗಳಿಗೆ ಅಳವಡಿಸಿದರು. ಎಂಜಿನ್ನಿನ ಒಂದು ದೊಡ್ಡ ಭಾಗವನ್ನೂ ಬದಲಿಸಬೇಕಾಗಲಿಲ್ಲ. ಈಕೆ ಯುದ್ಧಕ್ಕೆ ಮುಂಚೆ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ದಾರಿಯಲ್ಲಿ ಗಂಟೆಗೆ 100 ಮೈಲಿಗೂ ಮಿಕ್ಕ ವೇಗದಲ್ಲಿ ಮೋಟಾರು ಸೈಕಲ್ಲು ಓಡಿಸಿದವಳು ಎಂಬುದನ್ನು ನಮ್ಮ ಕಾಲೇಜಿನ ಸೋದರಿಯರು ನೆನಪಿಡಬೇಕು.

2008ರ ಜನವರಿ 17ರಂದು ಬೀಜಿಂಗಿನಿಂದ ಲಂಡನ್ನಿಗೆ ಬಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ವಿಮಾನವು ಇನ್ನೇನು ಇಳಿಯಬೇಕೆನ್ನುವಾಗ ಅದರ ಎರಡೂ ಎಂಜಿನ್ನುಗಳ ಬಲ ಕುಗ್ಗಿತು. ರನ್‌ವೇಗೆ ಮೊದಲೇ ಹುಲ್ಲಿನ ಮೇಲೆ ಬಿದ್ದರೂ ಅದರಲ್ಲಿದ್ದ 152 ಜನರಲ್ಲಿ ಯಾರೂ ಸಾಯಲಿಲ್ಲ. ತನಿಖೆ ಮಾಡಿದವರಿಗೆ ಕೆಟ್ಟ ಭಾಗ ಒಂದೂ ಸಿಗಲಿಲ್ಲ. ಇಂಧನದಲ್ಲಿ ಸಹಜವಾಗಿಯೇ ಇರುವ ಅತ್ಯಲ್ಪ ನೀರು ದೀರ್ಘವಾದ ಚಳಿಯ ಪ್ರಯಾಣದಲ್ಲಿ ಮಂಜುಗಡ್ಡೆಯಾಗಿ ಕೊಳವೆಯ ಗೋಡೆಗೆ ಹತ್ತಿ, ಇಳಿಯುವಾಗ ಒಮ್ಮೆಗೇ ಕಳಚಿ, ಇಂಧನವನ್ನು ಬೆಚ್ಚಗೆ ಮಾಡುವ ಸಾಧನದ ಬಾಯಿಯನ್ನು ಕಟ್ಟಿತ್ತು. ಬಳಿಕ ಅದು ಕರಗಿ ಹೋಯಿತು. ಅಪರಾಧಿ ತಾನಾಗಿ ಮಾಯವಾದಂತೆ. ಆ ವರ್ಷದ ನವೆಂಬರಿನಲ್ಲಿ ಅಂಥದೇ ಎಂಜಿನ್ನಿನ ಅಮೆರಿಕದ ವಿಮಾನವೊಂದರಲ್ಲಿ ಒಂದು ಎಂಜಿನ್ನಿನ ಬಲ ಅದೇ ರೀತಿ ಕುಗ್ಗಿ ಮರಳಿದಾಗ, ಎರಡರಲ್ಲಿಯೂ ಸಮಾನವಾದ ಸಂದರ್ಭವೇನೆಂದು ಹೋಲಿಸಿ ನೋಡಲು ಅವಕಾಶವಾಯಿತು. ಪ್ರಯೋಗಶಾಲೆಯಲ್ಲಿ ಅದೇ ಚಳಿಯನ್ನು ಸೃಷ್ಟಿಸಿ, ಅದೇ ಮಂಜುಗಡ್ಡೆಯನ್ನು ಕಟ್ಟಿಸಿ ನೋಡಿದ ಮೇಲೆ 2010ರಲ್ಲಿ ಅಂತಿಮ ವರದಿ ಹೊರಬಂದಿತು. ಹಳೆಯ ಕೊಳವೆಯನ್ನು ಮತ್ತೆ ಹಾಕಿಸಿ ನೋಡಿದ ತುಳಸಿಗೇರಿಯ ಕ್ರಮಕ್ಕೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ, ಪ್ರಮಾಣದಲ್ಲಿ ಮಾತ್ರ.

ನನ್ನ ಮಾತಿಗೆ ಆಕ್ಷೇಪಗಳು ಬರಬಹುದು. ಇಂದಿನ ಕಂಪ್ಯೂಟರು ಎಲ್ಲವನ್ನೂ ಹೇಳುವಾಗ ಈ ವಿಚಾರಣೆಯೇಕೆ ಎಂಬುದು ಒಂದು. ಸಾಕ್ಷಿ ಮತ್ತು ತೀರ್ಪುಗಳ ಭೇದವನ್ನು ಹೇಳಿ ಇದಕ್ಕೆ ಮೇಲೆಯೇ ಉತ್ತರಿಸಿದ್ದೇನೆ. ಎರಡನೆಯ ಆಕ್ಷೇಪ ಹೆಚ್ಚು ಬಲವಾದುದು. ವಿಚಾರ ಮಾಡುವುದಕ್ಕೆ ವೇಳೆ ಬೇಕು, ವೇಳೆಗೆ ಹಣ ಕೊಡುವವರಾರು? ಗಿರಾಕಿಯು ಸಾಮಾನಿನ ಬಿಲ್ಲಿಗೆ ತಕರಾರು ಮಾಡದೆ ಹಣ ಕೊಡುತ್ತಾನೆ, ಎರಡು ತಾಸು ಪ್ರಶ್ನೆ ಕೇಳಿ ದೋಷ ಹಿಡಿದವನಿಗೆ "ಏನು ಮಾಡೀರಂತ ರೊಕ್ಕ ಕೊಡಬೇಕು?" ಎಂದು ಕೇಳುತ್ತಾನೆ. ಆ ಕೊಳವೆಯ ಬೆಲೆಯ ಮೇಲೆ ಕಾಕಾ ಪಡೆದ ಕೂಲಿ, ಒಂದು ಟರ್ಬೋ ಮಾರಿದ್ದರೆ ಸಿಗುತ್ತಿದ್ದ ಲಾಭದ ಎಷ್ಟನೆಯ ಒಂದು ಪಾಲೋ! ಹೀಗೆ ನಮ್ಮ ವ್ಯವಹಾರದ ರೀತಿಯೇ ವಿಚಾರವಂತನಾದ ಮಿಸ್ತ್ರಿಯನ್ನು ಬಡವನನ್ನಾಗಿ ಮಾಡಿ, ವಿಚಾರವಿಲ್ಲದೆ ಸಾಮಾನು ಬದಲಿಸುವವನನ್ನು ಧನಿಕನನ್ನಾಗಿ ಮಾಡುತ್ತಿದೆ. ಇದರಲ್ಲಿ ತಪ್ಪು ಮಿಸ್ತ್ರಿಗಳದೆನ್ನುವುದಕ್ಕಿಂತ ಗಿರಾಕಿಗಳಾದ ನಮ್ಮದೆನ್ನುವುದೇ ನ್ಯಾಯ. ವೈದ್ಯನು ಔಷಧಿ ಕೊಡದೆ ಬರಿಯ ನಾಡಿ ನೋಡಿ ಹೇಳಿದರೂ ನಾವು ಫೀ ಕೊಡುತ್ತೇವೆ. ದೋಷವನ್ನು ಗುರುತಿಸಿದ ಮಿಸ್ತ್ರಿಗೂ ಬೇರೆಯಾಗಿ ಫೀ ಕೊಡುವ ಪದ್ಧತಿ ಬೆಳೆಯಬೇಕು. ಅದು ಬೆಳೆದ ದಿನ 40,000 ರೂಪಾಯಿಯ ವ್ಯರ್ಥ ಖರ್ಚುಗಳು ತಾವಾಗಿ ಕಡಿಮೆಯಾಗುತ್ತವೆ.

ಇನ್ನು ಕಾಲೇಜಿನ ಮಾತು. ತರ್ಕಶಾಸ್ತ್ರವು ನಮ್ಮ ರಾಜ್ಯದ ಪಿ.ಯು.ಸಿ.ಯಲ್ಲಿ ಐಚ್ಛಿಕ ವಿಷಯವಾಗಿ ಉಂಟು. ಅದನ್ನು ಆರಿಸಿಕೊಳ್ಳುವವರು ಅಂಕ ಸುಲಭವಾಗಿ ಸಿಗುತ್ತದೆಂದು ಆರಿಸಿಕೊಳ್ಳುವುದೇ ಹೆಚ್ಚು. ವರ್ಷಕ್ಕೆ ಎರಡು ದಿನವಾದರೂ ನಾವು ವಹಿ ಹಿಡಿದುಕೊಂಡು ಗ್ಯಾರೇಜಿಗೆ ಹೋಗಿ ಕುಳಿತು, ಒಂದು ದೋಷವನ್ನು ಹಿಡಿಯುವ ಬಗೆಯನ್ನು ಆದಿಯಿಂದ ಅಂತ್ಯದ ವರೆಗೆ ಬರೆದು ತರಬೇಕೆಂದು ಗುರುಗಳು ನಿಯಮ ಮಾಡಲಿ. ನಮಗೆ ತರ್ಕ ತಿಳಿದೀತು. ಮಿಸ್ತ್ರಿಗಳಿಗೂ ಇದರಿಂದ ಲಾಭವುಂಟು. ಅವರ ಜ್ಞಾನವೆಲ್ಲ ಅವರ ತಲೆಯಲ್ಲಿದೆ. ಸ್ಕ್ಯಾನರಿನ ಪರದೆಯೂ ಕಂಪನಿಯ ಕೈಪಿಡಿಯೂ ಇಂಗ್ಲಿಷಿನಲ್ಲಿವೆ. ಯಾವ ಗಾಡಿ, ಯಾವ ದೋಷ, ಯಾವಾಗ ಬರುತ್ತಿತ್ತು, ಏನೇನು ಪರೀಕ್ಷೆ ಮಾಡಿದೆವು, ಯಾವುದರಿಂದ ಹೋಯಿತು ಎಂಬುದನ್ನು ಕನ್ನಡದಲ್ಲಿ ಬರೆದಿಡುವ ಒಂದು ವಹಿ ಪ್ರತಿಯೊಂದು ಗ್ಯಾರೇಜಿನಲ್ಲಿದ್ದರೆ, ಅಲ್ಲಿ ಕೆಲಸ ಕಲಿಯಲು ಬಂದ ಹುಡುಗ ಪಾನಾ ಹಿಡಿಯುವುದರ ಜೊತೆಗೆ ಪ್ರಶ್ನೆ ಕೇಳುವುದನ್ನೂ ಕಲಿತಾನು. ಆ ವಹಿಯನ್ನು ಬರೆದುಕೊಡಲು ಬೇಕಾದದ್ದು ಕೇಳಿದ್ದನ್ನು ಕ್ರಮವಾಗಿ, ಸ್ಪಷ್ಟವಾಗಿ ಬರೆಯುವ ಶಕ್ತಿ. ಕಲಾ ವಿದ್ಯಾರ್ಥಿಗಳಾದ ನಮ್ಮಲ್ಲಿ ಇರುವ, ಅಥವಾ ಇರಬೇಕಾದ ಬಂಡವಾಳ ಅದೊಂದೇ ಅಲ್ಲವೇ?

"ಬಿ.ಎ. ಕಲಿತು ಏನು ಮಾಡ್ತೀರಿ?" ಎಂದು ಕೇಳುವವರಿಗೆ ನಾನು ಕೊಡಬಯಸುವ ಉತ್ತರ ಇಷ್ಟೇ. ಒಂದು ಕಷ್ಟ ಎದುರಾದಾಗ ಅದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ಮೊದಲು ವಿಚಾರಿಸುತ್ತೇವೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುತ್ತೇವೆ. ಸರಿಹೋಯಿತೆಂದ ಮೇಲೆಯೂ ಪುರಾವೆ ಕೇಳುತ್ತೇವೆ. ಊರಿನ ನಳದಲ್ಲಿ ಒಮ್ಮೊಮ್ಮೆ ನೀರು ನಿಲ್ಲುವುದಕ್ಕೂ, ಶಾಲೆಗೆ ಮಕ್ಕಳು ಒಮ್ಮೊಮ್ಮೆ ಬರದಿರುವುದಕ್ಕೂ ಇದೇ ಕ್ರಮ ಸಲ್ಲುತ್ತದೆ. ಈ ಅಭ್ಯಾಸವನ್ನು ಮಾಡಿಕೊಳ್ಳದೆ ಪದವಿಯ ಕಾಗದವನ್ನಷ್ಟೇ ಹಿಡಿದು ಹೊರಬೀಳುವವರು ಆ ಪ್ರಶ್ನೆಗೆ ಏನು ಉತ್ತರ ಕೊಡಬೇಕೆಂಬುದನ್ನು ನನ್ನ ಸಹಪಾಠಿಗಳು ಈ ವರ್ಷದ ಪರೀಕ್ಷೆಗೆ ಮುಂಚೆ ಒಮ್ಮೆ ಯೋಚಿಸಲಿ ಎಂದು ವಿನಂತಿಸುತ್ತೇನೆ.